ಬಾಲವಿಲ್ಲದ ಮೀನಿನ ಹಾದಿ ಕಾಯುತ್ತ: ನುಸಾ ಪೆನಿಡಾದಲ್ಲಿ ಏಳು ದಿನ

ಮೊದಲ ದಿನ: ಸನೂರು

ಬೆಂಗಳೂರಿನಿಂದ ನಡುರಾತ್ರಿ ಹೊರಟ ವಿಮಾನ ಬೆಳಗಿನ ಬಿಸಿಲು ಏರುವ ಹೊತ್ತಿಗೆ ಬಾಲಿಯ ಡೆನ್ಪಸಾರ್‌ನಲ್ಲಿ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ನಾನೂ ನನ್ನ ಚಿಕ್ಕಪ್ಪನ ಮಗನೂ ಸನೂರಿನ ಕಡಲ ದಂಡೆಯಲ್ಲಿ ಕುಳಿತು, ಎದುರಿನ ಜಲಸಂಧಿಯ ಆಚೆಗೆ ಮಸುಕಾಗಿ ಕಾಣುತ್ತಿದ್ದ ನುಸಾ ಪೆನಿಡಾ ದ್ವೀಪದ ಬೆಟ್ಟಸಾಲನ್ನು ನೋಡುತ್ತಿದ್ದೆವು. ಬಾಲಿಗೆ ಬರುವವರು ದೇವಾಲಯಗಳಿಗೆ, ಗದ್ದೆಯ ಮೆಟ್ಟಿಲುಗಳಿಗೆ, ಅಗುಂಗ್ ಪರ್ವತದ ಸೂರ್ಯೋದಯಕ್ಕೆ ಬರುತ್ತಾರೆ. ನಾವು ಬಂದದ್ದು ಒಂದೇ ಒಂದು ಮೀನಿಗಾಗಿ.

ನಾನು ಇಪ್ಪತ್ತು ವರ್ಷಗಳಿಂದ ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಮೀನಿನ ದೇಹರಚನೆಯ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ದೋಣಿಯಾಕಾರದ ಒಂದು ಮೈ, ಹಿಂದೊಂದು ಬಾಲದ ಈಜುರೆಕ್ಕೆ, ಹೊಟ್ಟೆಯೊಳಗೊಂದು ಗಾಳಿಚೀಲ, ಉದ್ದನೆಯ ಬೆನ್ನೆಲುಬು ಬರೆಯುತ್ತೇನೆ. ಈ ಚಿತ್ರದಲ್ಲಿರುವ ಮುಖ್ಯ ಭಾಗಗಳಲ್ಲಿ ಹೆಚ್ಚಿನವು ಇಲ್ಲದೆಯೂ ಮೂಳೆಮೀನುಗಳಲ್ಲೇ ಅತ್ಯಂತ ಭಾರವಾಗಿ ಬೆಳೆಯುವ ಒಂದು ಮೀನಿದೆ ಎಂದು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷವೂ ಯಾರಾದರೂ ಒಬ್ಬ ವಿದ್ಯಾರ್ಥಿ, 'ನೀವು ನೋಡಿದ್ದೀರಾ ಮೇಡಂ?' ಎಂದು ಕೇಳುತ್ತಾನೆ. ಆ ಪ್ರಶ್ನೆಯೇ ನನ್ನನ್ನು ಮೊದಲು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಡೈವಿಂಗ್ ಕಲಿಯುವಂತೆ ಮಾಡಿತು, ಕೊನೆಗೆ ಇಲ್ಲಿಗೆ ಕರೆತಂದಿತು.

ಆ ಮೀನನ್ನು ಇಂಗ್ಲಿಷಿನಲ್ಲಿ ಸನ್‌ಫಿಶ್ ಎನ್ನುತ್ತಾರೆ, ಜರ್ಮನ್ ಮತ್ತು ಫ್ರೆಂಚ್ ಜನ ಚಂದ್ರಮೀನು ಎನ್ನುತ್ತಾರೆ. ಅದರ ವೈಜ್ಞಾನಿಕ ಹೆಸರು ಮೋಲಾ, ಲ್ಯಾಟಿನ್ನಿನಲ್ಲಿ ಹಾಗೆಂದರೆ ಬೀಸುಕಲ್ಲು. ಸೂರ್ಯ ಚಂದ್ರರಿಗಿಂತ ನನಗೆ ಈ ಹೆಸರೇ ಹೆಚ್ಚು ಸರಿಯೆನಿಸುತ್ತದೆ. ನಮ್ಮ ಅಜ್ಜಿಯ ಮನೆಯ ಅಟ್ಟದ ಕೆಳಗಿದ್ದ ಬೀಸುಕಲ್ಲಿನ ಬಣ್ಣ, ಒರಟುತನ, ದುಂಡು ಎಲ್ಲವೂ ಈ ಮೀನಿನ ಚಿತ್ರಗಳಲ್ಲಿ ಕಾಣುತ್ತವೆ.

ಎರಡನೆಯ ದಿನ: ಜಲಸಂಧಿ ದಾಟಿ

ಸನೂರಿನಿಂದ ವೇಗದ ದೋಣಿಯಲ್ಲಿ ಮುಕ್ಕಾಲು ಗಂಟೆಯೊಳಗೆ ದ್ವೀಪ ಸೇರಿದೆವು. ದೋಣಿಯ ಮೂತಿಯಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯೊಳಗೆ ಹೂವು, ಅಕ್ಕಿಕಾಳು, ಉರಿಯುವ ಊದುಕಡ್ಡಿ ಇಟ್ಟಿದ್ದರು. ನಡುದಾರಿಯಲ್ಲಿ ಅಲೆಗಳು ಒಮ್ಮೆಲೇ ಗುಂಪುಗುಂಪಾಗಿ ಎದ್ದು, ನೀರು ನದಿಯಂತೆ ಒಂದೇ ದಿಕ್ಕಿಗೆ ಹರಿಯುವುದು ಕಂಡಿತು.

ಈ ಮೀನು ಇಲ್ಲಿಗೇ ಏಕೆ ಬರುತ್ತದೆ ಎಂಬುದಕ್ಕೆ ಆ ಹರಿವಿನಲ್ಲೇ ಉತ್ತರದ ಒಂದು ಭಾಗವಿದೆ. ಪೆಸಿಫಿಕ್ ಸಾಗರದ ನೀರು ಇಂಡೋನೇಷ್ಯಾದ ದ್ವೀಪಗಳ ನಡುವೆ ನುಸುಳಿ ಹಿಂದೂ ಮಹಾಸಾಗರಕ್ಕೆ ಇಳಿಯುವ ಬಾಗಿಲುಗಳಲ್ಲಿ ಬಾಲಿ ಮತ್ತು ಲಂಬೋಕ್ ದ್ವೀಪಗಳ ನಡುವಿನ ಜಲಸಂಧಿಯೂ ಒಂದು. ನುಸಾ ಪೆನಿಡಾ ಆ ಬಾಗಿಲಲ್ಲೇ ನಿಂತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದಿಂದ ಬೀಸುವ ಗಾಳಿ ಜಾವಾ ಮತ್ತು ಬಾಲಿಯ ದಕ್ಷಿಣ ತೀರದ ಮೇಲ್ಪದರದ ನೀರನ್ನು ಆಚೆಗೆ ಸರಿಸುತ್ತದೆ, ಆ ಜಾಗವನ್ನು ತುಂಬಲು ಆಳದ ತಣ್ಣೀರು ಮೇಲೇಳುತ್ತದೆ. ಉಬ್ಬರವಿಳಿತದ ಒತ್ತಡ ಆ ತಣ್ಣೀರನ್ನು ದ್ವೀಪದ ಹವಳದ ಇಳಿಜಾರುಗಳವರೆಗೂ ತಂದು ಮುಟ್ಟಿಸುತ್ತದೆ. ಆಳದಲ್ಲಿ ಅಲೆಯುವ ಮೀನು ಅದೇ ಚಳಿಯ ಜೊತೆಗೆ ದಿಬ್ಬದ ಹತ್ತಿರಕ್ಕೆ ಏರಿ ಬರುತ್ತದೆ. ಆದ್ದರಿಂದಲೇ ನಾವು ಆಗಸ್ಟ್ ತಿಂಗಳನ್ನು ಆರಿಸಿಕೊಂಡಿದ್ದೆವು.

ಸಂಜೆಗೆ ಸಾಧಾರಣ ಆಳದಲ್ಲಿ ಒಂದು ಪರೀಕ್ಷಾ ಡೈವ್ ಮುಗಿಸಿ ಬಂದ ಮೇಲೆ ನಮ್ಮ ಗೈಡ್, ಇದೇ ದ್ವೀಪದಲ್ಲಿ ಹುಟ್ಟಿ ಬೆಳೆದ ನಲವತ್ತರ ಆಸುಪಾಸಿನ ಮನುಷ್ಯ, ಬಿಳಿ ಹಲಗೆಯ ಮೇಲೆ ಮೀನಿನ ಚಿತ್ರ ಬರೆದು ನಿಯಮಗಳನ್ನು ವಿವರಿಸಿದರು. ಮೀನು ಕಂಡೊಡನೆ ಅದರ ಕಡೆಗೆ ಈಜಬಾರದು. ದಿಬ್ಬಕ್ಕೆ ಒತ್ತಿ, ಒಂದೆಡೆ ಗುಂಪಾಗಿ ನಿಲ್ಲಬೇಕು. ಅದರ ಹಿಂದೆ ಹೋಗಬಾರದು, ಕೆಳಗೆ ಹೋಗಬಾರದು, ಆಳಕ್ಕೆ ಮರಳುವ ದಾರಿಗೆ ಅಡ್ಡ ನಿಲ್ಲಬಾರದು. ಸಣ್ಣ ಮೀನುಗಳು ಅದರ ಮೈ ಶುಚಿಗೊಳಿಸಲು ಆರಂಭಿಸುವವರೆಗೆ ಹತ್ತು ಮೀಟರ್ ಆಚೆಗೇ ಇರಬೇಕು. ಫ್ಲಾಶ್ ಬಳಸಬಾರದು. ಇಷ್ಟನ್ನು ಅವರು ಎರಡು ಬಾರಿ ಹೇಳಿದರು. ನಮ್ಮಿಂದ ಒಪ್ಪಿಗೆ ಪಡೆದ ನಂತರವೇ ಹಲಗೆ ಒರೆಸಿದರು.

ಇಲ್ಲಿ ಎಲ್ಲರ ಬಾಯಲ್ಲೂ ಇದು 'ಮೋಲಾ ಮೋಲಾ'. ಆದರೆ ಬಾಲಿಯ ದಿಬ್ಬಗಳಿಗೆ ಬರುವುದು ಅದರ ದಾಯಾದಿಯಾದ ಮೋಲಾ ಅಲೆಕ್ಸಾಂಡ್ರಿನಿ. ವಯಸ್ಸಾದಂತೆ ಇದರ ಹಣೆಯೂ ಗದ್ದವೂ ಉಬ್ಬುತ್ತವೆ, ಹಿಂಬದಿಯ ಅಂಚು ಅಲೆಅಲೆಯಾಗಿರದೆ ದುಂಡಗಿರುತ್ತದೆ. ಜಪಾನೀಯರು ಇದನ್ನು 'ಉಶಿ ಮಂಬೋ' ಎನ್ನುತ್ತಾರೆ. ಉಶಿ ಎಂದರೆ ದನ. ಇಷ್ಟು ದೊಡ್ಡ ಪ್ರಾಣಿಗಳಲ್ಲಿ ಯಾವುದು ಯಾವ ಪ್ರಭೇದ ಎಂಬುದೇ ಬಹುಕಾಲ ಗೊಂದಲವಾಗಿತ್ತು ಎಂಬುದು ಆಶ್ಚರ್ಯ. 1996ರಲ್ಲಿ ಜಪಾನಿನ ಕಾಮೊಗಾವಾ ಬಳಿ ಸಿಕ್ಕ 2,300 ಕಿಲೋ ತೂಕದ ಮೀನನ್ನು ಎರಡು ದಶಕಗಳ ಕಾಲ ಮೋಲಾ ಮೋಲಾ ಎಂದೇ ಕರೆದರು, ಆಮೇಲೆ ಅದು ಅಲೆಕ್ಸಾಂಡ್ರಿನಿ ಎಂದು ತಿಳಿಯಿತು. ಮೂರನೆಯದಾದ ಮೋಲಾ ಟೆಕ್ಟಾಕ್ಕೆ ಹೆಸರು ಸಿಕ್ಕಿದ್ದು 2017ರಲ್ಲಿ. ಟೆಕ್ಟಾ ಎಂದರೆ ಅಡಗಿದ್ದುದು. ಅದನ್ನು ಪತ್ತೆಹಚ್ಚಿದ ಮರಿಯಾನ್ ನ್ಯೂಗಾರ್ಡ್ ಅವರೇ ಬಾಲಿಯ ಈ ಮೀನುಗಳನ್ನೂ ಅಧ್ಯಯನ ಮಾಡಿದ್ದಾರೆ.

ಮೂರನೆಯ ದಿನ: ಕ್ರಿಸ್ಟಲ್ ಬೇ, ಬರಿಗೈ

ದ್ವೀಪದ ಪಶ್ಚಿಮ ತೀರದಲ್ಲಿರುವ ಕ್ರಿಸ್ಟಲ್ ಬೇ ಒಂದು ಸಣ್ಣ ಕೊಲ್ಲಿ. ಅದರ ಬಾಯಲ್ಲಿ ಒಂದು ಬಂಡೆದ್ವೀಪವಿದೆ. ಬೆಳಗ್ಗೆ ಏಳಕ್ಕೆ ನೀರಿಗಿಳಿದೆವು. ಮೇಲ್ಪದರದಲ್ಲಿ 26 ಡಿಗ್ರಿ ಇದ್ದ ನೀರು ಇಪ್ಪತ್ತು ಮೀಟರ್ ಆಳದಲ್ಲಿ ಒಮ್ಮೆಲೇ ಬದಲಾಯಿತು. ಬಿಸಿ ನೀರಿಗೂ ತಣ್ಣೀರಿಗೂ ನಡುವಿನ ಗಡಿ ಕಣ್ಣಿಗೆ ಕಾಣುತ್ತದೆ: ಸಕ್ಕರೆ ಪಾಕ ನೀರಿಗೆ ಬೆರೆಯುವಾಗ ಕಾಣುವಂತಹ ನಡುಗುವ ಗೆರೆಗಳ ಪದರ. ಅದರ ಕೆಳಗೆ ಕೈಗಡಿಯಾರದಂತಹ ಡೈವ್ ಕಂಪ್ಯೂಟರ್ 18 ಡಿಗ್ರಿ ತೋರಿಸಿತು. ಐದು ಮಿಲಿಮೀಟರ್ ದಪ್ಪದ ವೆಟ್‌ಸೂಟ್ ತೊಟ್ಟಿದ್ದರೂ ಹಲ್ಲು ಕಟಕಟಿಸಿದವು. ಟ್ಯಾಂಕಿನ ಗಾಳಿಯನ್ನು ಉಸಿರಾಟಕ್ಕೆ ಒದಗಿಸುವ ರೆಗ್ಯುಲೇಟರನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಯಿತು. ಅರ್ಧ ಗಂಟೆ ಕಾದೆವು. ಬಾವುಟ ಮೀನುಗಳ ಹಿಂಡು ತನ್ನ ಪಾಡಿಗೆ ತಾನು ತೇಲುತ್ತಿತ್ತು. ನಾವು ಹುಡುಕಿಬಂದ ಮೀನು ಬರಲಿಲ್ಲ.

ದೋಣಿಗೆ ಬಂದು, ಬಿಸಿಲಿಗೆ ಬೆನ್ನೊಡ್ಡಿ, ಶುಂಠಿ ಚಹಾ ಕುಡಿಯುತ್ತ ಕುಳಿತಾಗ ತಮ್ಮ ಕೇಳಿದ: 'ಅಕ್ಕ, ನಾವು ಅರ್ಧ ಗಂಟೆಗೆ ಹೀಗಾದೆವು. ಆ ಮೀನು ಈ ಚಳಿಯಲ್ಲೇ ಹೇಗಿರುತ್ತದೆ?'

ಅದೂ ಇರುವುದಿಲ್ಲ, ನಮ್ಮಂತೆಯೇ ಬಿಸಿಲಿಗೆ ಬರುತ್ತದೆ ಎಂದೆ. ಸಮುದ್ರದ ಮೇಲ್ಮೈಯಲ್ಲಿ ಪಕ್ಕಕ್ಕೆ ವಾಲಿ, ಒಂದು ಕೆನ್ನೆಯನ್ನು ಸೂರ್ಯನಿಗೆ ತೋರಿಸಿ ಮಲಗಿರುವ ಮೋಲಾಗಳನ್ನು ನಾವಿಕರು ಶತಮಾನಗಳಿಂದ ನೋಡಿದ್ದಾರೆ, ಸೂರ್ಯನ ಹೆಸರು ಬಂದದ್ದೂ ಅದರಿಂದಲೇ. ಬಹಳ ಮಂದಿ ಅದನ್ನು ಸೋಮಾರಿತನ ಅಥವಾ ಸಾವಿನ ಸಿದ್ಧತೆ ಎಂದು ಭಾವಿಸಿದರು. ಇತ್ಸುಮಿ ನಕಮುರಾ ಮತ್ತು ಸಂಗಡಿಗರು ಜಪಾನಿನ ಕರಾವಳಿಯಲ್ಲಿ ಈ ಮೀನುಗಳ ಮೈಗೆ ಕ್ಯಾಮೆರಾ ಮತ್ತು ಉಷ್ಣತಾಮಾಪಕ ಕಟ್ಟಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ನಿಜವಾದ ದಿನಚರಿಯನ್ನು ತೋರಿಸಿತು. ಹಗಲಿನಲ್ಲಿ ಅದು ನೂರರಿಂದ ಇನ್ನೂರು ಮೀಟರ್ ಆಳದ ಚಳಿಗೆ ಇಳಿದು, ಅಲ್ಲಿ ಸರಪಳಿಯಂತೆ ತೇಲುವ ಸೈಫನೊಫೋರ್ ಎಂಬ ಲೋಳೆಜೀವಿಗಳನ್ನು ತಿನ್ನುತ್ತದೆ. ಮೈ ತಣ್ಣಗಾಗುತ್ತಿದ್ದಂತೆ ಮೇಲ್ಮೈಗೆ ಬಂದು ಶಾಖ ತುಂಬಿಕೊಂಡು ಮತ್ತೆ ಇಳಿಯುತ್ತದೆ. ಮೈ ದೊಡ್ಡದಿದ್ದಷ್ಟೂ ಶಾಖ ನಿಧಾನವಾಗಿ ಕಳೆದುಹೋಗುತ್ತದೆ, ಹಾಗಾಗಿ ದೊಡ್ಡ ಮೀನು ಹೆಚ್ಚು ಹೊತ್ತು ಕೆಳಗೆ ಉಣ್ಣಬಲ್ಲದು. ಸೋಮಾರಿ ಎನಿಸಿಕೊಂಡ ಪ್ರಾಣಿ ದಿನವಿಡೀ ಏರಿಳಿಯುವ ಕೂಲಿಯಾಳಿನಂತೆ ದುಡಿಯುತ್ತಿರುತ್ತದೆ.

ಮಧ್ಯಾಹ್ನ ದ್ವೀಪದ ನೈಋತ್ಯದಲ್ಲಿ ಮಾಂಟಾ ತೊರಕೆಗಳನ್ನು ನೋಡಿದೆವು. ಅವು ಸುಂದರವಾಗಿದ್ದವು, ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ.

ನಾಲ್ಕನೆಯ ದಿನ: ಒಂದು ನೆರಳು

ಇಂದು ಕಂಡಿತು, ಕಂಡಿತೆಂದರೆ, ಒಂದು ನಿಮಿಷಕ್ಕೂ ಕಡಿಮೆ ಹೊತ್ತು.

ಇಪ್ಪತ್ತೆಂಟು ಮೀಟರ್ ಆಳದಲ್ಲಿ ನಿಂತಿದ್ದಾಗ ಗೈಡ್ ತಮ್ಮ ಟ್ಯಾಂಕನ್ನು ಕಡ್ಡಿಯಿಂದ ತಟ್ಟಿ ನೀಲಿಯ ಕಡೆ ತೋರಿಸಿದರು. ಅಲ್ಲಿ, ನೀರಿನ ಬಣ್ಣಕ್ಕಿಂತ ಸ್ವಲ್ಪ ಮಾತ್ರ ಬೇರೆಯಾದ ಬಣ್ಣದಲ್ಲಿ, ಬಾಗಿಲಿನಷ್ಟು ಎತ್ತರದ ಒಂದು ಆಕಾರ ನಿಂತಿತ್ತು. ಮೇಲೊಂದು, ಕೆಳಗೊಂದು ಉದ್ದನೆಯ ರೆಕ್ಕೆ ಒಟ್ಟಿಗೇ ಎಡಕ್ಕೆ ವಾಲಿದವು, ಒಟ್ಟಿಗೇ ಬಲಕ್ಕೆ ವಾಲಿದವು. ನಾವು ದಿಬ್ಬಕ್ಕೆ ಒತ್ತಿ ನಿಂತೆವು. ಆದರೆ ಬೇರೊಂದು ದೋಣಿಯಿಂದ ಇಳಿದಿದ್ದ ಗುಂಪಿನ ನಾಲ್ಕೈದು ಜನ ಕ್ಯಾಮೆರಾ ಚಾಚಿಕೊಂಡು ನೇರವಾಗಿ ಅದರತ್ತ ನುಗ್ಗಿದರು. ಅವರ ಉಸಿರಿನ ಗುಳ್ಳೆಗಳ ಪರದೆ ಏರಿತು. ಅದು ಸರಿಯುವ ಹೊತ್ತಿಗೆ ಆ ಆಕಾರ ತಿರುಗಿ, ಎರಡು ರೆಕ್ಕೆಗಳನ್ನು ನಾಲ್ಕು ಬಾರಿ ಬೀಸಿ, ಕೆಳಗಿನ ಕತ್ತಲಿಗೆ ಇಳಿದುಹೋಗಿತ್ತು.

ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ನಾವು ನೋಡುವುದು ತಪ್ಪಿತೆಂದು ಅಲ್ಲ. ಆ ಮೀನು ಅಷ್ಟು ಮೇಲಕ್ಕೆ ಬಂದದ್ದು ಒಂದು ಅಗತ್ಯಕ್ಕಾಗಿ, ಆ ಅಗತ್ಯ ತೀರದೆ ಮರಳಬೇಕಾಯಿತಲ್ಲ ಎಂದು. ಮೋಲಾಗಳ ಚರ್ಮ, ಕಿವಿರು, ಕರುಳುಗಳಲ್ಲಿ ಒಟ್ಟು ನಲವತ್ತಕ್ಕೂ ಹೆಚ್ಚು ಬಗೆಯ ಪರಾವಲಂಬಿ ಜೀವಿಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಕೆಲವು ಚರ್ಮದೊಳಗೆ ತಲೆ ಹುದುಗಿಸಿ ದಾರದಂತೆ ಹೊರಗೆ ಜೋತುಬೀಳುತ್ತವೆ. ಕೈಯಿಲ್ಲದ, ಬಗ್ಗಲಾರದ ಮೈಯ ಮೀನಿಗೆ ಅವನ್ನು ತೆಗೆದುಕೊಳ್ಳುವ ದಾರಿ ಬೇರೆಯವರ ಬಳಿ ಹೋಗುವುದೊಂದೇ. ಪಶ್ಚಿಮ ಪೆಸಿಫಿಕ್‌ನಲ್ಲಿ 2010ರಲ್ಲಿ ಸಂಶೋಧಕರು ಕಂಡ ದೃಶ್ಯದಲ್ಲಿ, ಮೇಲ್ಮೈಯಲ್ಲಿ ಪಕ್ಕಕ್ಕೆ ವಾಲಿ ಈಜುತ್ತಿದ್ದ ಮೋಲಾಗಳ ಮೈಯಿಂದ ಆಲ್ಬಟ್ರಾಸ್ ಹಕ್ಕಿಗಳು ಆ ಪರಾವಲಂಬಿಗಳನ್ನು ಕೊಕ್ಕಿನಿಂದ ಕಿತ್ತು ತಿನ್ನುತ್ತಿದ್ದವು. ಬಾಲಿಯಲ್ಲಿ ಅದೇ ಕೆಲಸವನ್ನು ಹವಳದ ದಿಬ್ಬದ ಮೀನುಗಳು ಮಾಡುತ್ತವೆ.

ಸಂಜೆ ತಮ್ಮ ನನ್ನನ್ನು ಸಮಾಧಾನಪಡಿಸಲೆಂದೋ ಏನೋ ಮೀನಿನ ಒಡಲ ಬಗ್ಗೆ ಒಂದೊಂದೇ ಪ್ರಶ್ನೆ ಕೇಳತೊಡಗಿದ. ಅವನು ಮೆಕ್ಯಾನಿಕಲ್ ಎಂಜಿನಿಯರ್. ಬಾಲವಿಲ್ಲದೆ ಮುಂದಕ್ಕೆ ತಳ್ಳುವ ಬಲ ಎಲ್ಲಿಂದ ಬರುತ್ತದೆ ಎಂಬುದು ಅವನಿಗೆ ಬಗೆಹರಿದಿರಲಿಲ್ಲ. ನಾನು ಅವನ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದೆ.

ಬೇರೆ ಮೀನುಗಳಲ್ಲಿ ಬೆನ್ನೆಲುಬು ಕೊನೆಗೊಳ್ಳುವಲ್ಲಿ ಬಾಲದ ಈಜುರೆಕ್ಕೆ ಇರುತ್ತದೆ. ಮೋಲಾ ಮರಿಯಾಗಿದ್ದಾಗಲೇ ಆ ಭಾಗವನ್ನು ಕಳೆದುಕೊಳ್ಳುತ್ತದೆ; ಬೆನ್ನಿನ ರೆಕ್ಕೆಯ ಮತ್ತು ಗುದದ ರೆಕ್ಕೆಯ ಹಿಂದಿನ ಕಡ್ಡಿಗಳು ಎರಡೂ ಕಡೆಯಿಂದ ಬೆಳೆದು ಬಂದು ಸೇರಿ, ಆ ಖಾಲಿ ಜಾಗವನ್ನು ಒಂದು ದಪ್ಪ ಅಂಚಿನಂತೆ ಮುಚ್ಚುತ್ತವೆ. ಅದನ್ನು ಕ್ಲೇವಸ್ ಎನ್ನುತ್ತಾರೆ. ಅದು ಬಾಲದ ಉಳಿಕೆಯೇ ಅಥವಾ ಬೇರೆ ರೆಕ್ಕೆಗಳಿಂದ ಆದದ್ದೇ ಎಂಬ ಹಳೆಯ ವಾದಕ್ಕೆ 2005ರಲ್ಲಿ ಜಾನ್ಸನ್ ಮತ್ತು ಬ್ರಿಟ್ಜ್ ಎಂಬ ವಿಜ್ಞಾನಿಗಳು ಮರಿಗಳ ಬೆಳವಣಿಗೆಯನ್ನು ಹಂತಹಂತವಾಗಿ ಪರೀಕ್ಷಿಸಿ ಉತ್ತರ ಕೊಟ್ಟರು. ಕ್ಲೇವಸ್ ಮೀನಿಗೆ ಚುಕ್ಕಾಣಿಯಾಗುತ್ತದೆ, ಹುಟ್ಟಾಗುವುದಿಲ್ಲ. ಹುಟ್ಟು ಹಾಕುವುದು ಮೇಲಿನ ಮತ್ತು ಕೆಳಗಿನ ಆ ಎರಡು ಉದ್ದ ರೆಕ್ಕೆಗಳು.

'ಹಕ್ಕಿಯೊಂದನ್ನು ಪಕ್ಕಕ್ಕೆ ಮಲಗಿಸಿದ ಹಾಗೆ' ಎಂದ ತಮ್ಮ. ಅವನ ಮಾತು ಸರಿಯಾಗಿತ್ತು. ಯುಕಿ ವತನಬೆ ಮತ್ತು ಕತ್ಸುಫುಮಿ ಸಾತೊ 2008ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಬೇರೆ ಬೇರೆ ಮೂಲದ ಎರಡು ರೆಕ್ಕೆಗಳು ಒಂದೇ ಜೋಡಿ ರೆಕ್ಕೆಯಂತೆ ಏಕಕಾಲಕ್ಕೆ ಎಡಬಲಕ್ಕೆ ಬೀಸಿ, ಹಕ್ಕಿಯ ರೆಕ್ಕೆಯಲ್ಲಿ ಹುಟ್ಟುವಂತಹ ಎತ್ತುಬಲದಿಂದಲೇ ಮೀನನ್ನು ಮುಂದಕ್ಕೆ ಒಯ್ಯುತ್ತವೆ. ಅವರು ಅಳೆದ ಮೀನುಗಳು ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ, ನಿಲ್ಲದೆ ಈಜುತ್ತಿದ್ದವು. ಹರಿವಿನಲ್ಲಿ ಸುಮ್ಮನೆ ಕೊಚ್ಚಿಹೋಗುವ ಪ್ರಾಣಿ ಎಂದು ಇದನ್ನು ಬಣ್ಣಿಸಿದವರ ಮಾತು ಅಲ್ಲಿಗೆ ಸುಳ್ಳಾಯಿತು.

ಐದನೆಯ ದಿನ: ವಿರಾಮ

ಹುಣ್ಣಿಮೆ ಹತ್ತಿರವಾಗಿದ್ದರಿಂದ ಹರಿವು ಬಲವಾಗಿತ್ತು, ನೀರಿಗಿಳಿಯುವುದು ಬೇಡ ಎಂದು ಗೈಡ್ ನಿರ್ಧರಿಸಿದರು. ಅವರ ಮಾತಿಗೆ ಎದುರಾಡುವ ಪ್ರಶ್ನೆಯೇ ಇರಲಿಲ್ಲ. ಈ ಕೊಲ್ಲಿಗಳಲ್ಲಿ ಕೆಳಮುಖವಾಗಿ ಎಳೆಯುವ ಹರಿವುಗಳಿವೆ. ಪಕ್ಕದ ಲೆಂಬೊಂಗಾನ್ ದ್ವೀಪಕ್ಕೆ ಹೋಗಿ, ಕಡಲಕಳೆ ಬೆಳೆಯುವ ಸಾಲುಗಳನ್ನು ನೋಡಿ, ಹಳದಿ ಸೇತುವೆ ದಾಟಿ ಚೆನಿಂಗಾನ್‌ವರೆಗೆ ನಡೆದು ಮರಳಿದೆವು. ಮೂರು ದ್ವೀಪಗಳ ಸುತ್ತಲಿನ 20,057 ಹೆಕ್ಟೇರ್ ಸಮುದ್ರವನ್ನು 2010ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ.

ಮಾರುಕಟ್ಟೆಯಲ್ಲಿ ಒಂದು ಬುಟ್ಟಿ ಟ್ರಿಗರ್ ಮೀನು ಕಂಡಾಗ ಊರಿನ ನೆನಪಾಯಿತು. ನಮ್ಮ ಕರಾವಳಿಯ ಮೀನುಗಾರರು ಕಾರ್ಗಿಲ್ ಎಂದು ಕರೆಯುವ ಮೀನಿನ ಬಳಗವೇ ಅದು. ಆ ಕಾರ್ಗಿಲ್ ಮೀನು, ಊದಿಕೊಳ್ಳುವ ಪಫರ್ ಮೀನು ಮತ್ತು ಈ ಮೋಲಾ ಒಂದೇ ಗಣಕ್ಕೆ ಸೇರಿದವು. ಮೋಲಾದ ಮರಿಯನ್ನು ನೋಡಿದರೆ ಸಂಬಂಧ ತಿಳಿಯುತ್ತದೆ: ಮೊಟ್ಟೆಯಿಂದ ಹೊರಬಂದಾಗ ಎರಡೂವರೆ ಮಿಲಿಮೀಟರ್ ಉದ್ದವಿರುವ ಅದು ಬೆಳೆಯುತ್ತ ಮೈತುಂಬ ಮುಳ್ಳು ತಳೆದು, ಪುಟ್ಟ ಪಫರ್ ಮೀನಿನಂತೆಯೇ, ನೆಗ್ಗಿಲು ಮುಳ್ಳಿನ ಕಾಯಿಯಂತೆ ಕಾಣುತ್ತದೆ. ಅಲ್ಲಿಂದ ಅದರ ತೂಕ ಕೋಟಿಗಟ್ಟಲೆ ಪಟ್ಟು ಹೆಚ್ಚಾಗುತ್ತದೆ. ಬೆನ್ನೆಲುಬಿರುವ ಬೇರೆ ಯಾವ ಪ್ರಾಣಿಯೂ ಹುಟ್ಟಿನಿಂದ ಪ್ರಾಯದವರೆಗೆ ಇಷ್ಟು ಪಟ್ಟು ಬೆಳೆಯುವುದು ತಿಳಿದಿಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂನಲ್ಲಿ ಸಾಕಿದ್ದ ಒಂದು ಮೋಲಾ 15 ತಿಂಗಳಲ್ಲಿ 26 ಕಿಲೋದಿಂದ 399 ಕಿಲೋಗೆ ಏರಿತ್ತು. ಒಂದೂವರೆ ಮೀಟರ್ ಉದ್ದದ ಒಂದು ಹೆಣ್ಣಿನ ಅಂಡಾಶಯದಲ್ಲಿ ಮೂವತ್ತು ಕೋಟಿ ಮೊಟ್ಟೆಗಳಿದ್ದವೆಂದು ಶತಮಾನದ ಹಿಂದೆ ಮಾಡಿದ ಅಂದಾಜು ಇಂದಿಗೂ ಪುಸ್ತಕಗಳಲ್ಲಿ ಬರುತ್ತದೆ. ಆ ಅಂದಾಜಿನ ಬಗ್ಗೆ ಈಚಿನವರಿಗೆ ಪೂರ್ಣ ನಂಬಿಕೆಯಿಲ್ಲವಾದ್ದರಿಂದ ನಾನು ಅದನ್ನು ತರಗತಿಯಲ್ಲಿ ಅಂದಾಜೆಂದೇ ಹೇಳುತ್ತೇನೆ.

ಆರನೆಯ ದಿನ: ಇಪ್ಪತ್ತೊಂದು ನಿಮಿಷ

ಬೆಳಕು ಹರಿಯುವ ಮುನ್ನವೇ ಹೊರಟೆವು. ಬೇರೆ ದೋಣಿಗಳು ಬರುವುದಕ್ಕೆ ಮೊದಲು ನೀರಿನಲ್ಲಿರಬೇಕೆಂಬುದು ಗೈಡ್ ಅವರ ಯೋಜನೆಯಾಗಿತ್ತು. ಕ್ರಿಸ್ಟಲ್ ಬೇಯಲ್ಲಿ ಆರೂವರೆಗೆ ನಾವು ಮೂವರೇ ಇಳಿದೆವು. ತಣ್ಣೀರಿನ ಗಡಿ ಇಂದು ಹದಿನೈದು ಮೀಟರಿಗೇ ಏರಿ ಬಂದಿತ್ತು. ಇಪ್ಪತ್ತನಾಲ್ಕು ಮೀಟರಿನಲ್ಲಿ, ದಿಬ್ಬ ಕೆಳಕ್ಕೆ ಬಾಗುವ ಅಂಚಿನಲ್ಲಿ ಕಪ್ಪುಬಿಳಿ ಪಟ್ಟೆಯ ಬಾವುಟ ಮೀನುಗಳ ಹಿಂಡು ಎಂದಿನಂತೆ ಚೆದುರಿರದೆ ಒಂದೇ ಕಡೆಗೆ ಒತ್ತಾಗಿ ಹರಿಯುತ್ತಿತ್ತು. ಗೈಡ್ ಅಂಗೈ ತೋರಿಸಿ ನಿಲ್ಲಿ ಎಂದರು.

ಆ ಹಿಂಡಿನ ನಡುವೆ ಅದು ನಿಂತಿತ್ತು.

ಎತ್ತರ ಎರಡೂವರೆ ಮೀಟರಿಗೆ ಕಡಿಮೆಯಿರಲಿಲ್ಲ. ಮೈ ಬೂದು, ಅದರ ಮೇಲೆ ಸುಣ್ಣ ಚೆಲ್ಲಿದಂತಹ ಬಿಳಿ ಮಚ್ಚೆಗಳು. ಮೀನು ಮೂತಿಯನ್ನು ಮೇಲಕ್ಕೆತ್ತಿ, ಕೋನವಾಗಿ ವಾಲಿ, ಬಹುತೇಕ ಕದಲದೆ ನಿಂತಿತ್ತು. ಬಾವುಟ ಮೀನುಗಳು ಅದರ ಕೆನ್ನೆ, ಹೊಟ್ಟೆ, ರೆಕ್ಕೆಯ ಬುಡಗಳನ್ನು ಕುಟುಕುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ದಿಬ್ಬದ ಸಂದಿನಿಂದ ನೀಲಿ ಹಳದಿ ಪಟ್ಟೆಯ ದೊಡ್ಡ ಎಂಪರರ್ ಏಂಜೆಲ್ ಮೀನೊಂದು ಹೊರಬಂದು, ಕುಟುಕುವ ಹಿಂಡಿಗೆ ಸೇರಿತು. ಪ್ರಾಯದ ಎಂಪರರ್ ಏಂಜೆಲ್ ಮೀನುಗಳು ಮೋಲಾಗಳನ್ನು ಶುಚಿಗೊಳಿಸುವುದನ್ನು ವಿಜ್ಞಾನಿಗಳು ಮೊದಲು ವರದಿ ಮಾಡಿದ್ದು ಇದೇ ದ್ವೀಪಗಳ ನೀರಿನಿಂದ, 2006ರಲ್ಲಿ. ಓದಿದ್ದ ಸಾಲುಗಳು ಕಣ್ಣೆದುರು ನಡೆಯುತ್ತಿದ್ದವು.

ನಾವು ಕಾದೆವು. ನಾಲ್ಕೈದು ನಿಮಿಷಗಳ ನಂತರ ಗೈಡ್ ಕೈ ಸನ್ನೆ ಮಾಡಿದಾಗ ಎರಡು ಮೂರು ಮೀಟರ್ ಮಾತ್ರ ಸಮೀಪಿಸಿದೆವು. ಆಗ ನನಗೆ ಅದರ ಮುಖ ಕಂಡಿತು. ಬಾಯಿ ಆ ಮೈಗೆ ಹೋಲಿಸಿದರೆ ತೀರ ಚಿಕ್ಕದು, ಸದಾ ಅರೆತೆರೆದದ್ದು. ಒಳಗೆ ಹಲ್ಲುಗಳೆಲ್ಲ ಬೆಸೆದು ಗಿಳಿಯ ಕೊಕ್ಕಿನಂತಾಗಿರುವುದು ಕಾಣಿಸಿತು. ಗಂಟಲಿನಲ್ಲಿ ಇನ್ನೊಂದು ಜೊತೆ ಉದ್ದನೆಯ ಹಲ್ಲುಗಳಿದ್ದು, ನುಂಗಿದ ಲೋಳೆ ಜಾರಿಹೋಗದಂತೆ ಹಿಡಿಯುತ್ತವೆ. ಕಿವಿರಿಗೆ ಬೇರೆ ಮೀನುಗಳಲ್ಲಿರುವಂತೆ ಎದ್ದುಕಾಣುವ ಮುಚ್ಚಳವಿಲ್ಲ, ಪಕ್ಕದ ಪುಟ್ಟ ರೆಕ್ಕೆಯ ಮುಂದೆ ಒಂದು ದುಂಡು ರಂಧ್ರವಷ್ಟೇ. ಕಣ್ಣು ದೊಡ್ಡದು. ಅದು ತಿರುಗಿತು, ನನ್ನ ಮೇಲೆ ನಿಂತಿತು, ಮತ್ತೆ ಮುಂದೆ ಸರಿಯಿತು. ಆ ಕಣ್ಣಿನ ಹಿಂದೆ ಇರುವ ಮಿದುಳು ಚಿಕ್ಕದು, ಮತ್ತು ಈ ಮೀನುಗಳ ಬೆನ್ನುಹುರಿ ಆ ಮಿದುಳಿಗಿಂತಲೂ ಗಿಡ್ಡ. ಬೆನ್ನೆಲುಬಿನ ಮಣಿಗಳು ಹದಿನಾರರ ಆಸುಪಾಸು, ಮೀನುಗಳಲ್ಲೇ ಅತಿ ಕಡಿಮೆ. ಇಂತಹ ಅಂಕಿಗಳನ್ನು ಮುಂದಿಟ್ಟು ಈ ಮೀನನ್ನು ಪ್ರಕೃತಿಯ ತಪ್ಪು, ಅರ್ಧ ಮಾಡಿ ಬಿಟ್ಟ ಮೀನು ಎಂದು ಹಾಸ್ಯ ಮಾಡಿದ ಬರಹಗಳನ್ನು ನಾನು ಬಹಳ ಓದಿದ್ದೇನೆ. ಅವುಗಳಲ್ಲಿ ಒಂದನ್ನಾದರೂ ಈ ಮೀನಿನ ಎದುರು ನಿಂತವರು ಬರೆದಿರಲಾರರು ಎಂದು ಆ ಹೊತ್ತಿನಲ್ಲಿ ನನಗೆ ಅನಿಸಿತು.

ಏಕೆಂದರೆ ಅಲ್ಲಿ ಕಷ್ಟಪಡುತ್ತಿದ್ದುದು ನಾನು. ಒಂದು ಮೀಟರ್ ಕೆಳಗಿಳಿದರೆ ನನ್ನ ಜಾಕೆಟ್ಟಿನೊಳಗಿನ ಗಾಳಿ ಒತ್ತಡಕ್ಕೆ ಕುಗ್ಗಿ ನಾನು ಭಾರವಾಗುತ್ತೇನೆ, ಗಾಳಿ ತುಂಬಬೇಕು. ಮೇಲೇರಿದರೆ ಅದೇ ಗಾಳಿ ಹಿಗ್ಗುತ್ತದೆ, ಬಿಡಬೇಕು. ಗಾಳಿಚೀಲವಿರುವ ಮೀನುಗಳಿಗೂ ಇದೇ ಪಾಡು. ಆಳ ಬದಲಾದಂತೆಲ್ಲ ಚೀಲವನ್ನು ಸರಿಪಡಿಸಿಕೊಳ್ಳುತ್ತಿರಬೇಕು. ಮೋಲಾಕ್ಕೆ ಪ್ರಾಯ ಬಂದ ಮೇಲೆ ಆ ಚೀಲವೇ ಇಲ್ಲ. ಚರ್ಮದ ಕೆಳಗೆ ಎಳನೀರಿನ ಗಂಜಿಯಂತಹ ಒಂದು ದಪ್ಪ ಲೋಳೆಪದರವಿದೆ. ಅದು ಸಮುದ್ರದ ನೀರಿಗಿಂತ ಹಗುರ, ಮತ್ತು ಒತ್ತಡಕ್ಕೆ ಕುಗ್ಗುವುದಿಲ್ಲ. ಹಾಗಾಗಿ ಮೇಲ್ಮೈಯಲ್ಲಿರಲಿ, ಇನ್ನೂರು ಮೀಟರ್ ಆಳದಲ್ಲಿರಲಿ ಅದರ ತೇಲುವಿಕೆ ಹೆಚ್ಚುಕಡಿಮೆ ಒಂದೇ. ಬಿಸಿಲಿನಿಂದ ಚಳಿಗೂ ಚಳಿಯಿಂದ ಬಿಸಿಲಿಗೂ ದಿನವಿಡೀ ಓಡಾಡುವ ಪ್ರಾಣಿಗೆ ಗಾಳಿಚೀಲ ಹೊರೆಯಾಗುತ್ತಿತ್ತು. ಹಗುರಾದ, ಮೃದ್ವಸ್ಥಿಯೇ ಹೆಚ್ಚಾಗಿರುವ ಎಲುಬುಗಳು, ಬಗ್ಗದ ಗಿಡ್ಡ ಬೆನ್ನು, ಬಾಲದ ಬದಲು ಎರಡು ರೆಕ್ಕೆ: ತರಗತಿಯಲ್ಲಿ ನಾನು 'ಇಲ್ಲ' ಎಂದು ಪಟ್ಟಿ ಮಾಡುತ್ತಿದ್ದ ಒಂದೊಂದೂ ಈ ಏರಿಳಿತದ ಬದುಕಿಗೆ ಹೊಂದಿಕೊಂಡು ಅಲ್ಲಿ ನಿಂತಿತ್ತು.

ನಡುವೆ ಒಮ್ಮೆ ಅದರ ಬಣ್ಣ ತಿಳಿಯಾಯಿತು. ಬೂದು ಮೈ ಬೆಳ್ಳಗಾಗಿ ಮಚ್ಚೆಗಳು ಬಹುತೇಕ ಮಾಸಿದವು. ಒಂದು ನಿಮಿಷದ ನಂತರ ಮರಳಿ ಮೂಡಿದವು. ಎಡ ಹೊಟ್ಟೆಯ ಕೆಳಗೆ ಬಾವುಟ ಮೀನುಗಳು ಒಂದೇ ಜಾಗವನ್ನು ಮತ್ತೆ ಮತ್ತೆ ಕುಟುಕುತ್ತಿದ್ದವು, ಅಲ್ಲಿನ ಚರ್ಮ ಕೆಂಪಾಗಿತ್ತು. ನೋವಾಗಿರಬೇಕು, ಮೀನು ಒಮ್ಮೆ ಮೈ ಅದುರಿಸಿತು, ಆದರೂ ಜಾಗ ಬಿಡಲಿಲ್ಲ.

ನನ್ನ ಕಂಪ್ಯೂಟರ್ ಆ ಆಳದಲ್ಲಿ ಉಳಿಯಬಹುದಾದ ಸಮಯ ಮುಗಿಯುತ್ತಿದೆಯೆಂದು ಎಚ್ಚರಿಸಿದಾಗ ಇಪ್ಪತ್ತೊಂದು ನಿಮಿಷ ಕಳೆದಿತ್ತು. ನಾವೇ ಮೊದಲು ಹೊರಟೆವು. ಐದು ಮೀಟರ್ ಆಳದಲ್ಲಿ ನಿಂತು ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಕಾಯುತ್ತಿದ್ದಾಗ ಕೆಳಗೆ ನೋಡಿದೆ. ತಣ್ಣೀರಿನ ನಡುಗುವ ಗಡಿಯ ಕೆಳಗೆ ಆ ಬೂದು ಆಕಾರ ಇನ್ನೂ ಅಲ್ಲೇ ಇತ್ತು.

ದೋಣಿಯಲ್ಲಿ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಅಕ್ಕ, ಅದಕ್ಕೆ ಎಷ್ಟು ತೂಕವಿರಬಹುದು?' ಎಂದ. ಕಣ್ಣಂದಾಜಿನಲ್ಲಿ ಹೇಳಲು ನನಗೆ ಧೈರ್ಯವಾಗಲಿಲ್ಲ. 2021ರ ಡಿಸೆಂಬರಿನಲ್ಲಿ ಅಜೋರ್ಸ್‌ನ ಫಯಾಲ್ ದ್ವೀಪದ ಬಳಿ ಸತ್ತು ತೇಲುತ್ತಿದ್ದ ಇದೇ ಪ್ರಭೇದದ ಮೀನೊಂದನ್ನು ದಡಕ್ಕೆ ತಂದು ತೂಗಿದಾಗ 2,744 ಕಿಲೋ ಬಂದಿತ್ತು, ಉದ್ದ 3.25 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 3.59 ಮೀಟರ್ ಎಂದಷ್ಟೇ ಹೇಳಿದೆ. ಇದುವರೆಗೆ ತೂಗಿದ ಮೂಳೆಮೀನುಗಳಲ್ಲಿ ಅದೇ ಅತ್ಯಂತ ಭಾರದ್ದು.

ಏಳನೆಯ ದಿನ: ಚಿತ್ರಗಳು

ಸನೂರಿಗೆ ಮರಳುವ ದೋಣಿ ಮಧ್ಯಾಹ್ನಕ್ಕಿತ್ತು. ಬೆಳಗ್ಗೆ ಗೈಡ್ ಅವರ ಮನೆಯ ಜಗುಲಿಯಲ್ಲಿ ಕುಳಿತು ತಮ್ಮ ತೆಗೆದ ಚಿತ್ರಗಳನ್ನು ಒಂದೊಂದಾಗಿ ನೋಡಿದೆವು. ಅವರ ಹೆಂಡತಿ ಕಾಫಿ ಮತ್ತು ಕೆಂಡದಲ್ಲಿ ಸುಟ್ಟ ಬಾಳೆಹಣ್ಣು ತಂದಿಟ್ಟರು. ತಾವು ಚಿಕ್ಕವರಿದ್ದಾಗ ಈ ಮೀನನ್ನು ನೋಡಲು ಯಾರೂ ಬರುತ್ತಿರಲಿಲ್ಲವೆಂದೂ ಈಗ ಈ ಋತುವಿನಲ್ಲಿ ಮನೆಯ ಅರ್ಧ ಖರ್ಚು ಇದರಿಂದಲೇ ನಡೆಯುತ್ತದೆಂದೂ ಗೈಡ್ ಹೇಳಿದರು. ನಾಲ್ಕನೆಯ ದಿನ ನಡೆದಂತಹುದು ದಿನವೂ ನಡೆದರೆ ಮೀನು ಬೇರೆ ಜಾಗ ಹುಡುಕಿಕೊಳ್ಳುತ್ತದೆ ಎಂಬ ಭಯ ಅವರಿಗಿದೆ. ನನಗೂ ಇದೆ. ಮೋಲಾ ಮೋಲಾ ಪ್ರಭೇದವನ್ನು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಜೀವಿಯೆಂದು ಸೇರಿಸಿದ್ದಾರೆ. ಬೇರೆ ಮೀನಿಗಾಗಿ ಹಾಕಿದ ಬಲೆಗಳಲ್ಲಿ ಮೋಲಾಗಳು ಅಪಾರ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತವೆ. ನಮ್ಮ ದೇಶದ ತೀರಗಳಲ್ಲಿಯೂ ಈ ಕುಟುಂಬದ ಮೀನುಗಳು ಬಲೆಗೆ ಬಿದ್ದ ದಾಖಲೆಗಳಿವೆ, ಮತ್ತು ಬಹುತೇಕ ಸಂದರ್ಭಗಳಲ್ಲಿ ದಡಕ್ಕೆ ತಂದವರಿಗೆ ಅದೇನೆಂದೇ ತಿಳಿದಿರುವುದಿಲ್ಲ.

ಒಂದೊಂದು ಮೀನಿನ ಮೈಮೇಲಿನ ಮಚ್ಚೆಗಳ ವಿನ್ಯಾಸ ಬೇರೆ ಬೇರೆ. ಆದ್ದರಿಂದ ಬಾಲಿಯಲ್ಲಿ ಡೈವ್ ಮಾಡುವವರು ತೆಗೆದ ಚಿತ್ರಗಳನ್ನು ಸಂಶೋಧಕರು ಕೂಡಿಹಾಕಿ, ಅದೇ ಮೀನು ಮತ್ತೆ ಬಂದಿದೆಯೇ ಎಂದು ಹೋಲಿಸಿ ನೋಡುತ್ತಾರೆ. ಟಿಯರ್ನಿ ಥೈಸ್ ಮತ್ತು ಸಂಗಡಿಗರು ಇಲ್ಲಿನ ಕೆಲವು ಮೀನುಗಳಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪಟ್ಟಿ ಕಟ್ಟಿದ್ದರು. ಪಟ್ಟಿಯಿಲ್ಲದ ಮೀನುಗಳಿಗೆ ಮಚ್ಚೆಯೇ ಗುರುತಿನ ಚೀಟಿ. ತಮ್ಮ ತೆಗೆದ ಅರವತ್ತು ಚಿತ್ರಗಳಲ್ಲಿ ಮಚ್ಚೆಗಳು ಸ್ಪಷ್ಟವಾಗಿ ಕಾಣುವ ನಾಲ್ಕನ್ನು ಆರಿಸಿದೆವು, ಎರಡು ಎಡಬದಿಯವು, ಎರಡು ಬಲಬದಿಯವು. ಹೊಟ್ಟೆಯ ಕೆಳಗಿನ ಕೆಂಪು ಗಾಯ ಕಾಣುವ ಐದನೆಯದನ್ನೂ ಸೇರಿಸಿದೆ. ದೋಣಿ ಬರುವ ಮುನ್ನ ಚಿತ್ರಗಳ ಜೊತೆಗೆ ಜಾಗ, ದಿನಾಂಕ, ಸಮಯ, ಆಳ 24 ಮೀಟರ್, ನೀರಿನ ಉಷ್ಣತೆ 18 ಡಿಗ್ರಿ, ಶುಚಿಗೊಳಿಸುತ್ತಿದ್ದ ಮೀನುಗಳು ಎರಡು ಬಗೆ ಎಂದು ಬರೆದು ಕಳುಹಿಸಿದೆ.